ಬರುವಾಗ ಇಳಿಯೋಣ

ಶರಣಮ್ಮ, ನಿನ್ನ ಹರಕೆಯ ಬೆಳ್ಳಿ ಕಣ್ಣುಗಳನ್ನು ನಾನು ನಂಜನಗೂಡಿನ ದೇವರಿಗೆ ಮುಟ್ಟಿಸಲಿಲ್ಲ. ಮರೆತದ್ದಲ್ಲ, ಕಳೆದದ್ದಲ್ಲ — ಗೊತ್ತಿದ್ದೂ ಮುಟ್ಟಿಸಲಿಲ್ಲ. ಮುಟ್ಟಿಸಿದೆ ಎಂದು ನಿನ್ನ ಬಾಗಿಲಲ್ಲಿ ನಿಂತು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ನೀನು ಇಷ್ಟು ವರ್ಷ ಬರಿಗಾಲಲ್ಲಿ ನಡೆದೆ.

ನಿನಗೆ ಓದಲು ಬಾರದು. ಗಿರಿಜಾ ಓದಿ ಹೇಳಬಲ್ಲಳು, ಆದರೆ ಈ ಮಾತು ಮಗಳ ಬಾಯಿಂದ ನಿನ್ನ ಕಿವಿಗೆ ಬೀಳಬಾರದು. ಮತ್ತೆ ಯಾಕೆ ಬರೆಯುತ್ತಿದ್ದೇನೆ? ನಿನ್ನ ಎದುರಿಗೆ ನಿಂತಾಗ ನಾಲಿಗೆ ಇನ್ನೊಂದು ನೆಪ ಹುಡುಕದಿರಲಿ ಎಂದು. ವ್ಯಾಪಾರದಲ್ಲಿ ಪಳಗಿದ ನಾಲಿಗೆ ಇದು, ಇದನ್ನು ನಾನು ನಂಬುವುದಿಲ್ಲ.

ಅದು ಯಾತ್ರೆಯೇ ಆಗಿರಲಿಲ್ಲ, ಶರಣಮ್ಮ. ಮೊದಲು ಅದನ್ನು ಹೇಳುತ್ತೇನೆ.

ರಾಯದುರ್ಗದ ಪೇಟೆಯಲ್ಲಿ ನನ್ನದು ಗ್ರಂಥಿಗೆ ಅಂಗಡಿ. ಅಳಲೆಕಾಯಿ, ಸೀಗೆಕಾಯಿ, ಬಜೆ, ಹಿಪ್ಪಲಿ, ಜೇನುತುಪ್ಪ — ಅರ್ಧಕ್ಕರ್ಧ ಕಾಡಿನ ಸರಕು. ಕಾಡನ್ನು ಮಾತ್ರ ನಾನು ಕಂಡವನಲ್ಲ. ನಮ್ಮ ಗುಡ್ಡಗಳು ನಿನಗೆ ಗೊತ್ತಲ್ಲ, ಬಂಡೆಯ ಮೇಲೆ ಬಂಡೆ, ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಸೀತಾಫಲದ ಗಿಡ. ದಕ್ಷಿಣದಲ್ಲಿ ಬೇಟೆ ನಿಲ್ಲಿಸಿ ಮೃಗಗಳಿಗೆಂದೇ ಬಿಟ್ಟ ಕಾಡುಗಳಿವೆ, ಅಲ್ಲಿ ನಡುಹಗಲಲ್ಲೂ ನೆಲಕ್ಕೆ ಬಿಸಿಲು ತಾಗುವುದಿಲ್ಲ ಎಂದು ಸರಕು ತರುವ ಮೈಸೂರಿನವನೊಬ್ಬ ಹೇಳಿದ. ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ಮೈಸೂರು ಸೀಮೆಯ ಬಂಡೀಪುರ, ಅದಕ್ಕೆ ಅಂಟಿಕೊಂಡೇ ನಮ್ಮ ಮದ್ರಾಸ್ ಸರ್ಕಾರದ ಮುದುಮಲೆ, ಆಮೇಲೆ ದೂರದ ತಿರುವಾಂಕೂರಿನ ತೇಕಡಿ — ಮೂರನ್ನೂ ಒಂದೇ ಸುತ್ತಿನಲ್ಲಿ ನೋಡಿ ಬರಬೇಕು. ಎದುರಿನ ಬಟ್ಟೆ ಅಂಗಡಿಯ ಬಸಣ್ಣ ನಾನೂ ಬರುತ್ತೇನೆ ಎಂದ.

ನಮ್ಮಪ್ಪನಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಿ, "ಮರ ನೋಡಾಕ ಯಾರಾರ ರೈಲು ಹತ್ತತಾರೇನಲೇ? ಊರಾಗ ಹೇಳಬ್ಯಾಡ, ನಗತಾರ" ಎಂದರು. ಊರು ನಗಬಾರದು, ಪ್ರಯಾಣ ನಿಲ್ಲಬಾರದು. ದಾರಿಯಲ್ಲಿ ನಂಜನಗೂಡು ಇತ್ತು. ಅದರ ಹೆಸರು ಹೇಳಿದೆವು. ಶಿವನ ಹೆಸರು ಹೇಳಿದರೆ ನಮ್ಮ ಪೇಟೆಯಲ್ಲಿ ಯಾರು ಅಡ್ಡ ಬರುತ್ತಾರೆ?

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಚಾಪೆಯ ಮೇಲೆಯೇ ನಮ್ಮ ಪ್ರಯಾಣ ಸಾಗುತ್ತಿತ್ತು. ಮೂರು ಕಾಡಿಗೆ ಮೂರು ಅಳಲೆಕಾಯಿ. ಎಲ್ಲಿ ರೈಲು ಬದಲಾಯಿಸಬೇಕು, ಎಲ್ಲಿ ಬಸ್ಸು ಹಿಡಿಯಬೇಕು, ಅಲ್ಲೆಲ್ಲ ಒಂದೊಂದು ಸೀಗೆಕಾಯಿ. ಇವತ್ತು ಜೋಡಿಸುವುದು, ನಾಳೆ ಕೆಡಿಸುವುದು. ನನಗೆ ಅದರಲ್ಲಿ ಪ್ರಯಾಣಕ್ಕಿಂತ ಹೆಚ್ಚಿನ ಸುಖವಿತ್ತು. ಒಂದು ದಿನ ಬಸಣ್ಣ, "ನಂಜನಗೂಡಿಗೂ ಏನಾರ ಒಂದು ಇಡಲೇ, ಯಾರಾರ ಬಂದ್ರ ಮೊದಲ ಅದನ್ನ ಕೇಳತಾರ" ಎಂದು ನಕ್ಕ. ನಾನೂ ನಕ್ಕು, ಕಪಾಟಿನಿಂದ ಒಂದು ವಿಭೂತಿ ಗಟ್ಟಿ ತೆಗೆದು ಮೈಸೂರಿಗೂ ಬಂಡೀಪುರಕ್ಕೂ ನಡುವೆ ಇಟ್ಟೆ. ಆ ಗಟ್ಟಿಯನ್ನು ನೆನಪಿಟ್ಟುಕೋ, ಶರಣಮ್ಮ.

ಹೋದ ದಾರಿಯಲ್ಲೇ ಮರಳುವುದು ದಂಡ ಎಂದು, ಬರುವಾಗ ತೇಕಡಿಯಿಂದ ಮಧುರೆ, ಮದ್ರಾಸು, ಗುಂತಕಲ್ಲು ಎಂದು ಗೊತ್ತುಮಾಡಿದವನೂ ನಾನೇ. ಬಸಣ್ಣನಿಗೆ ದಿಕ್ಕು ತಿಳಿಯದು. ನಾನು ಹತ್ತು ಎಂದಲ್ಲಿ ಹತ್ತುವ, ಇಳಿ ಎಂದಲ್ಲಿ ಇಳಿಯುವ ಆಸಾಮಿ.

ಹೊರಡುವ ಹಿಂದಿನ ದಿನ ನೀನು ಬಂದೆ. ಗಿರಿಜಾ ನಿನ್ನ ಸೆರಗು ಹಿಡಿದು ನಿಂತಿದ್ದಳು, ಎಡಗಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಬೆಳ್ಳಿ ಕಣ್ಣುಗಳಿದ್ದ ಹಳದಿ ಬಟ್ಟೆಯ ಗಂಟನ್ನು ನನ್ನ ಕೈಯಲ್ಲಿಟ್ಟು ನೀನು ಹೇಳಿದ್ದು ಅಕ್ಷರ ತಪ್ಪದೆ ನೆನಪಿದೆ: "ಅಣ್ಣಾರ, ನಂಜನಗೂಡಿಗೆ ಹೊಂಟೀರಂತಲ್ರಿ. ಇದೊಂದು ದೇವರಿಗೆ ಮುಟ್ಟಿಸ್ರಿ. ಇದು ಮುಟ್ಟಾಮಟ ಕಾಲಿಗೆ ಚಪ್ಪಲಿ ಹಾಕಂಗಿಲ್ಲಂತ ಹರಕೆ ಹೊತ್ತೀನಿ." ಆಗಲಿ ತಂಗಿ ಎಂದೆ. ಆಗ ಹೇಳಬಹುದಿತ್ತು — ನಾವು ಹೊರಟಿದ್ದು ಅಲ್ಲಿಗಲ್ಲ ಎಂದು. ಗಂಟನ್ನು ಸೊಂಟದ ಸಂಚಿಗೆ ಸೇರಿಸಿಕೊಂಡೆ.

ಮೈಸೂರಿನಿಂದ ಹೊರಟ ಬಸ್ಸಿನ ಕಿಟಕಿಯಲ್ಲಿ ನಂಜನಗೂಡಿನ ಗೋಪುರ ಕಂಡಿತು. ಬಸಣ್ಣ ಚೀಲಕ್ಕೆ ಕೈಹಾಕಿ ಎದ್ದು ನಿಂತ. "ಶರಣಮ್ಮನ ಹರಕೆ ಐತಲ್ಲೋ, ಇಳಿಯೋಣೇನು?" ಎಂದ. ಬಂಡೀಪುರದ ಬಂಗಲೆಯಲ್ಲಿ ಅಂದು ಸಂಜೆಗೆ ನಮಗೆ ಜಾಗ ಗೊತ್ತುಮಾಡಿಯಾಗಿತ್ತು. ಇಳಿದರೆ ಆ ಬಸ್ಸು ಹೋಗುತ್ತದೆ, ಅದು ಹೋದರೆ ಮುದುಮಲೆ ತಪ್ಪುತ್ತದೆ, ನಾನು ಜೋಡಿಸಿದ್ದೆಲ್ಲ ಒಂದರ ಹಿಂದೊಂದು ಕೆಡುತ್ತದೆ. "ಕೂಡ್ರು, ಬರುವಾಗ ಇಳಿಯೋಣ" ಎಂದೆ.

ಬಸಣ್ಣ ನಂಬಿ ಕೂತ. ಬರುವಾಗ ಆ ದಾರಿಗೆ ಬರುವುದೇ ಇಲ್ಲ ಎಂದು ಬಸ್ಸಿನಲ್ಲಿದ್ದ ಒಬ್ಬನಿಗೆ ಗೊತ್ತಿತ್ತು. ಆ ಒಬ್ಬ ನಾನು.

ಕಾಡು ಹೇಗಿತ್ತು ಎನ್ನುತ್ತೀಯಾ? ಇದನ್ನು ಹೇಳಲು ಎಲ್ಲಕ್ಕಿಂತ ಹೆಚ್ಚು ನಾಚಿಕೆ — ಬಹಳ ಚೆನ್ನಾಗಿತ್ತು. ಮುದುಮಲೆಯಲ್ಲಿ ಹೊಳೆಯ ದಡಕ್ಕೆ ಆನೆಗಳು ಮರಿ ಸಮೇತ ಇಳಿದು ಬಂದವು. ನಾನು ಚಿಕ್ಕ ಹುಡುಗನ ಹಾಗೆ ಬಸಣ್ಣನ ಕೈ ಹಿಡಿದುಕೊಂಡೆ. ನನ್ನ ಅಂಗಡಿಯಲ್ಲಿ ಒಣಗಿ ಸುಕ್ಕಾಗಿ ಕೂತಿರುವ ಕಾಯಿಗಳನ್ನು ಮರದ ಮೇಲೆ ಹಸಿಯಾಗಿ ನೋಡಿದೆ. ತೇಕಡಿಯ ಕೆರೆಯಲ್ಲಿ ದೋಣಿಯಲ್ಲಿ ಕೂತು ಕಾಡುಕೋಣಗಳ ಹಿಂಡು ನೋಡಿದೆ. ಅಷ್ಟೂ ಹೊತ್ತು ನಿನ್ನ ಗಂಟು ನನ್ನ ಸೊಂಟದಲ್ಲಿತ್ತು, ಒಂದು ಸಲವೂ ಒತ್ತಲಿಲ್ಲ. ಒತ್ತಿತು ಎಂದು ಬರೆದರೆ ಓದಲು ಚಂದ. ಆದರೆ ಒತ್ತಲಿಲ್ಲ.

ಮಧುರೆಯ ಸ್ಟೇಷನ್ನಿನಲ್ಲಿ ಬಸಣ್ಣ, "ನಂಜನಗೂಡು ಯಾವಾಗ ಬರತೈತಿ?" ಎಂದು ಕೇಳಿದ. ನಾನು ಮಾತು ತೇಲಿಸಿದೆ. ಗುಂತಕಲ್ಲಿಗೆ ಬಂದ ಮೇಲೆ ಅವನು ಕೇಳುವುದನ್ನು ಬಿಟ್ಟ.

ಊರಿಗೆ ಬಂದ ಬೆಳಿಗ್ಗೆ ನೀನು ಪ್ರಸಾದ ಕೇಳಲು ಬರುತ್ತೀ ಎಂದು ನನಗೆ ಗೊತ್ತಿತ್ತು. ಅಂಗಡಿ ತೆಗೆದೆ. ಚಾಪೆ ಸುತ್ತಿಟ್ಟ ಮೂಲೆಯಲ್ಲಿ ಆ ವಿಭೂತಿ ಗಟ್ಟಿ ಬಿದ್ದಿತ್ತು — ನಾವು ನಗುತ್ತ ನಂಜನಗೂಡು ಎಂದು ಇಟ್ಟ ಗಟ್ಟಿ. ಅದನ್ನೇ ಒರೆಸಿ, ಕಾಗದದಲ್ಲಿ ಸುತ್ತಿ, ನೀನು ಬರುವ ಮೊದಲೇ ನಿನ್ನ ಮನೆಗೆ ನಾನೇ ನಡೆದು ಬಂದೆ. "ಪ್ರಸಾದ ತಗೋ ತಂಗಿ, ದರ್ಶನ ಚೆನ್ನಾಗಿ ಆತು" ಎಂದೆ. ನೀನು ಎರಡೂ ಕೈ ಚಾಚಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಆಮೇಲೆ ಒಳಗೆ ಹೋಗಿ ಚಪ್ಪಲಿ ಮೆಟ್ಟಿ ಬಂದು, ತೋರಿಸಿ ನಕ್ಕೆ.

ಬಳ್ಳಾರಿಯ ಡಾಕ್ಟರು ಮಗುವನ್ನು ಮತ್ತೆ ಕರೆತರಲು ಹೇಳಿದ್ದರಂತೆ. ಪ್ರಸಾದ ಬಂದಿತಲ್ಲ ಎಂದು ನೀನು ಹೋಗದೆ ಉಳಿದೆ. ದಿನಾ ಗಿರಿಜಾಳ ಹಣೆಗೆ ಆ ವಿಭೂತಿ. ಬೇಗ ಹೋಗಿದ್ದರೆ ಕಣ್ಣು ಉಳಿಯುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಉಳಿಯುತ್ತಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಬೆಳ್ಳಿಯ ಕಣ್ಣು ಕೊಟ್ಟರೆ ಮಾಂಸದ ಕಣ್ಣು ವಾಸಿಯಾಗುತ್ತದೆಯೇ ಎಂದೂ ಹೇಳಿಕೊಂಡೆ. ಇರಲಿ. ಅದು ನನ್ನ ನಂಬಿಕೆ. ನೀನು ನನ್ನ ಕೈಗೆ ಕೊಟ್ಟದ್ದು ನಿನ್ನ ನಂಬಿಕೆ.

ಕಣ್ಣು ಹೋದ ಮೇಲೆ ನಾನು ಮಾತಾಡಿಸಲು ಬಂದೆ. ನೀನು ಕಂಬಕ್ಕೆ ಒರಗಿ ಕೂತಿದ್ದೆ, ಬರಿಗಾಲು. "ಹರಕೆ ಮುಟ್ಟೇತಿ, ಪ್ರಸಾದನೂ ಬಂದೇತಿ. ಅಂದಮ್ಯಾಗ ದೇವರದೇನು ತಪ್ಪು, ನಿಮ್ಮದೇನು ತಪ್ಪುರಿ ಅಣ್ಣಾರ? ಕಣ್ಣು ವಾಸಿ ಆಗೂಕಿಂತ ಮೊದಲ ಚಪ್ಪಲಿ ಮೆಟ್ಟಾಕ ನಾನ ಅವಸರ ಮಾಡಿದೆ. ಮಗಳ ಕಣ್ಣು ನಾನ ಕಳದೆ" ಎಂದೆ.

ಹೇಳುವ ಹೊತ್ತು ಅದೇ ಆಗಿತ್ತು. ಒಂದೇ ಒಂದು ಮಾತು — ಇಲ್ಲ ತಂಗಿ, ಅದು ಮುಟ್ಟಿಲ್ಲ. ಅಷ್ಟು ಸಾಕಿತ್ತು, ನಿನ್ನ ತಲೆಯ ಮೇಲಿನ ಭಾರ ನನ್ನ ತಲೆಗೆ ಬರುತ್ತಿತ್ತು. ನಾನು, "ಹಂಗನಬ್ಯಾಡ ತಂಗಿ, ಎಲ್ಲಾ ಅವನ ಇಚ್ಛೆ" ಎಂದು ಎದ್ದು ಬಂದೆ. ಅವನ ಇಚ್ಛೆಯಂತೆ! ಥೂ ನನ್ನ.

ಅಂದಿನಿಂದ ನೀನು ಚಪ್ಪಲಿ ಮೆಟ್ಟಲಿಲ್ಲ. ಚೈತ್ರದ ಬಿಸಿಲಿನಲ್ಲಿ ನನ್ನ ಅಂಗಡಿಯ ಮುಂದಿನ ಚಪ್ಪಡಿಗಳ ಮೇಲೆ ನೀನು ನೆರಳಿನಿಂದ ನೆರಳಿಗೆ ಹಾರುತ್ತ ಹೋಗುವುದನ್ನು ನೋಡುತ್ತಿದ್ದೆ. ಕೆಲವು ಸಲ ನೋಡದ ಹಾಗೆ ತಕ್ಕಡಿ ಒರೆಸುತ್ತಿದ್ದೆ. ಗಿರಿಜಾ ಮಡಕಶಿರಾಕ್ಕೆ ಸೊಸೆಯಾಗಿ ಹೋದಳು, ನಿನ್ನ ಯಜಮಾನರು ತೀರಿದ ಮೇಲೆ ನೀನೂ ಅಲ್ಲಿಗೇ ಹೋದೆ. ನೀನು ಬಸ್ಸು ಹತ್ತಿದ ದಿನ ಬಸಣ್ಣ ನನ್ನ ಕಟ್ಟೆಯ ಮೇಲೆ ಬಂದು ಕೂತು, "ಬರುವಾಗ ಇಳಿಯೋಣ ಅಂದಿದ್ದಿ. ಇನ್ನಾ ಇಳಿದಿಲ್ಲ ನೋಡು" ಎಂದ. ಬೈದು ಕಳಿಸಿದೆ. ಅವನು ಹೇಳಿದ್ದು ಮಾತ್ರ ಹೋಗಲಿಲ್ಲ.

ಈಗ ಮತ್ತೆ ಪ್ರಯಾಣ ಜೋಡಿಸಿದ್ದೇನೆ. ಚಾಪೆ ಬೇಕಾಗಲಿಲ್ಲ. ನಾಳೆ ಬೆಳಿಗ್ಗೆ ಕಲ್ಯಾಣದುರ್ಗದ ಬಸ್ಸು, ಅಲ್ಲಿಂದ ಮಡಕಶಿರಾ. ನಂಜನಗೂಡು ಆಮೇಲೆ, ನೀನು ಹೇಳಿದರೆ. ದೇವರಿಗಿಂತ ಮೊದಲು ನಿನ್ನ ಮುಂದೆ ತಪ್ಪೊಪ್ಪಿಕೊಳ್ಳಬೇಕು. ಬಸಣ್ಣ ನಾನೂ ಬರುತ್ತೇನೆ ಎಂದ. ಬೇಡ ಎಂದೆ. ಅವನಿಗೆ ದಾರಿ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಗಿರಿಜಾಳನ್ನೂ ಕೂರಿಸಿಕೊಂಡು ಹೇಳುತ್ತೇನೆ. ಕಣ್ಣು ಅವಳದು.

ಹಳದಿ ಗಂಟು ಸಂಚಿಯಲ್ಲಿದೆ, ಬಟ್ಟೆಯ ಬಣ್ಣ ಮಾಸಿದೆ, ಬೆಳ್ಳಿ ಕಪ್ಪಾಗಿದೆ. ತೊಳೆದಿಲ್ಲ, ತೊಳೆಯುವ ಹಕ್ಕು ನನಗಿಲ್ಲ. ಚೀಲದಲ್ಲಿ ಇನ್ನೊಂದು ವಸ್ತು ಇದೆ. ನಿನ್ನ ಅಳತೆ ಗೊತ್ತಿಲ್ಲದೆ ಅಂದಾಜಿನ ಮೇಲೆ ಹೊಲಿಸಿದ ಒಂದು ಜೊತೆ ಚಪ್ಪಲಿ. ಮಾತು ಮುಗಿದ ಮೇಲೆ ಅದನ್ನು ನಿನ್ನ ಮುಂದೆ ಇಡುತ್ತೇನೆ. ಮೆಟ್ಟುವುದಾದರೆ ಮೆಟ್ಟು. ಕೈಗೆ ತೆಗೆದುಕೊಂಡರೂ ನಾನು ಕೂತಲ್ಲಿಂದ ಏಳುವುದಿಲ್ಲ.