ಅಮಾವಾಸ್ಯೆಯ ಕಡಲು

ಬೆಳಗ್ಗೆ ಕಾಫಿಗೆ ಮುಂಚೆ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿಯುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಬೇರೆಯವರಿಗೆ ಬಿಡುವುದಿಲ್ಲ, ಅವರು ಅಂಚು ಉಳಿಸಿ ಹರಿಯುತ್ತಾರೆ. ಇವತ್ತು ನಿನ್ನೆಯ ಹಾಳೆ ಕಿತ್ತಾಗ ಕೆಳಗೆ ದುಂಡನೆಯ ಕಪ್ಪು ಗುರುತು ಕಂಡಿತು. ಅಮಾವಾಸ್ಯೆ. ತಮಿಳು ಸೀಮೆಯ ಒಳನಾಡಿನ ನಮ್ಮ ತುಡಿಯಲೂರಿಗೂ ಕಡಲಿಗೂ ಏನೇನೂ ಸಂಬಂಧವಿಲ್ಲ. ಆದರೂ ಒದ್ದೆ ಮರಳು, ಪಾಚಿ, ಉಪ್ಪು ಎಲ್ಲ ಸೇರಿದ ವಾಸನೆಯೊಂದು ಮೂಗಿಗೆ ಬಂದಂತಾಯಿತು.

ನನ್ನ ಸ್ವಭಾವ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ನೂಲಿನ ಮಿಲ್ಲಿನಲ್ಲಿ ಮೇಲ್ವಿಚಾರಕನಾಗಿದ್ದವನು. ಮಿಲ್ಲಿನ ಸೈರನ್ನನ್ನು ನಮ್ಮ ಕಡೆ ‘ಸಂಗು’ ಎನ್ನುತ್ತೇವೆ. ಸಂಗು ಊದಿದರೆ ಏಳಬೇಕು, ಸಂಗು ಊದಿದರೆ ಉಣ್ಣಬೇಕು. ನಿವೃತ್ತನಾದ ಮೇಲೂ ಅದು ನನ್ನೊಳಗೆ ಊದುತ್ತಲೇ ಇದೆ. ಹೆಂಡತಿ ಬದುಕಿದ್ದಾಗ, “ನಿಮಗೆ ಹಸಿವಾಗಲ್ಲ, ಗಂಟೆ ಆಗುತ್ತೆ ಅಷ್ಟೆ” ಎನ್ನುತ್ತಿದ್ದಳು.

ನನ್ನ ಅಕ್ಕನದು ಬೇರೆ ಲೆಕ್ಕ. ಅವಳು ಮನೆಯ ಮಗ್ಗದಲ್ಲೇ ಆಯುಸ್ಸು ಕಳೆದವಳು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಎಡ ಬಲ, ಎಡ ಬಲ ಎಂದು ಹಲಗೆ ತುಳಿಯುತ್ತಾ ಸೀರೆ ನೇಯ್ದಳು. ನೇಯುವ ಮನೆಗಳಲ್ಲಿ ಭಾನುವಾರದ ರಜೆ ಇರಲಿಲ್ಲ. ಇದ್ದದ್ದು ಅಮಾವಾಸ್ಯೆಯ ರಜೆ. ಅಂದು ಮಗ್ಗಕ್ಕೆ ಕುಂಕುಮವಿಟ್ಟು ಬಿಟ್ಟುಬಿಟ್ಟರೆ ಮಾರನೆಯ ದಿನದವರೆಗೆ ಯಾರೂ ಕುಣಿಗೆ ಇಳಿಯುವಂತಿಲ್ಲ. ಹುಡುಗಿಯಾಗಿದ್ದಾಗ ಅಕ್ಕ ಅಂದು ಜಗಲಿಯ ಮೇಲೆ ಕೂತು ಸುಮ್ಮನೆ ಕಾಲು ಆಡಿಸುತ್ತಿದ್ದಳು. “ಇವತ್ತು ನನ್ನ ಕಾಲಿನ ಹಬ್ಬ” ಎನ್ನುತ್ತಿದ್ದಳು.

ಆ ಕಾಲುಗಳ ಮಂಡಿಗಳು ಸವೆದು, ಶಸ್ತ್ರಚಿಕಿತ್ಸೆ ಮಾಡಲೇಬೇಕೆಂದು ವೈದ್ಯರು ಹೇಳಿದಾಗ ಅಕ್ಕ ಹಟ ಹಿಡಿದಳು.

“ಕೊಯ್ದ ಮೇಲೆ ಕಾಲು ಬರತ್ತೋ ಇಲ್ವೋ ಯಾರ್ಡಾ ಕಂಡ್ರು? ದೇವರು ಕೊಟ್ಟ ಈ ಕಾಲಲ್ಲಿ ಒಂದ್ಸಲ ಕಡಲಲ್ಲಿ ನಿಂತ್ಕೋಬೇಕು. ಆಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ.”

ರಾಮೇಶ್ವರಕ್ಕೆ ಹೋಗೋಣ ಎಂದೆ. ಅಲ್ಲಿ ಜನ ತಳ್ಳುತ್ತಾರೆ, ಬೇಡ ಎಂದಳು. ನನ್ನ ಜೊತೆ ಮಿಲ್ಲಿನಲ್ಲಿದ್ದವನೊಬ್ಬ ಅಂಡಮಾನಿನ ಕಡೆಯ ಒಂದು ಸಣ್ಣ ದ್ವೀಪದ ಹೆಸರು ಹೇಳಿ, ತನ್ನ ಸಂಬಂಧಿ ಸೆಲ್ವಿ ಅಲ್ಲಿ ಎರಡು ಕೋಣೆ ಬಾಡಿಗೆಗೆ ಕೊಡುತ್ತಾಳೆ, ತಳ್ಳಲು ಅಲ್ಲಿ ಜನವೇ ಇಲ್ಲ ಎಂದ. ವಿಮಾನ, ಆಮೇಲೆ ಹಡಗು. ನಾನು ಹೋಗುವ ದಿನ, ಬರುವ ದಿನ, ಊಟದ ಹೊತ್ತು ಎಲ್ಲ ನಿಗದಿ ಮಾಡಿಕೊಂಡೇ ಹೊರಟೆ.

ಆ ಊರನ್ನು ನೀವು ನೋಡಬೇಕಿತ್ತು. ಒಂದೇ ಬೀದಿ, ಅದರ ಕೊನೆಗೆ ಕಡಲು. ಮಧ್ಯಾಹ್ನವಾದರೆ ಅಂಗಡಿಯವನು ಬಾಗಿಲು ತೆರೆದಿಟ್ಟೇ ಮೂಟೆಯ ಮೇಲೆ ಮಲಗುತ್ತಿದ್ದ. ಸೋಪು ಕೊಳ್ಳಲು ಎಬ್ಬಿಸಿದರೆ, “ಎತ್ಕೊಂಡು ಹೋಗಿ ಐಯಾ, ಎದ್ದ ಮೇಲೆ ಕಾಸು ಕೊಡಿ” ಎಂದು ತಮಿಳಿನಲ್ಲಿ ಹೇಳಿ ಮಗ್ಗುಲು ಬದಲಿಸಿದ. ಹಡಗು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರೆ ಎಲ್ಲರೂ ಮೊದಲು ಆಕಾಶ ನೋಡುತ್ತಿದ್ದರು. ನನಗೆ ಎರಡೇ ದಿನಕ್ಕೆ ತಲೆನೋವು ಬಂತು.

ಆದರೆ ದೊಡ್ಡ ತೊಂದರೆ ಬೇರೆಯೇ ಇತ್ತು. ಊರಿನ ಉದ್ದಕ್ಕೂ ಕಲ್ಲಿನ ತಡೆಗೋಡೆ. ನೀರಿಗಿಳಿಯಲು ಪಾಚಿಗಟ್ಟಿದ ಮೆಟ್ಟಿಲು. ದೋಣಿ ಎಳೆಯುವ ಇಳಿಜಾರೊಂದಿತ್ತು, ಅದರ ಬುಡದಲ್ಲೂ ಅಲೆ ಬಂದು ಬಂಡೆಗೆ ಬಡಿಯುತ್ತಿತ್ತು. ಅಕ್ಕ ನನ್ನ ತೋಳು ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಜಾರಿತು. ಹಿಡಿದುಕೊಂಡೆ ಸರಿ, ಆದರೆ ಅವಳ ಮುಖ ಬಿಳಚಿಕೊಂಡಿತ್ತು.

“ನೋಡಿದ್ನಲ್ಲ, ಸಾಕು. ಬಾ, ಊರಿಗೆ ಹೋಗೋಣ” ಎಂದಳು. ಬೇಕಾದದ್ದನ್ನು ಬೇಡವೆನ್ನುವಾಗ ಅಕ್ಕನ ದನಿ ಹೇಗಿರುತ್ತದೆಂದು ನನಗೆ ಚಿಕ್ಕಂದಿನಿಂದ ಗೊತ್ತು.

ಅಂದು ಸೆಲ್ವಿ ಸಾರು ಬಡಿಸುತ್ತಾ ಹೇಳಿದಳು: “ನೀವು ಕಡಲಿಗೆ ಇಳಿಯಬೇಡಿ ಅಮ್ಮಾ. ಅಮಾವಾಸ್ಯೆ ಬರಲಿ. ಅವತ್ತು ಮಧ್ಯಾಹ್ನದ ಮೇಲೆ ಕಡಲು ತಾನೇ ದೂರ ಹೋಗಿ ನಿಮಗೆ ದಾರಿ ಬಿಡುತ್ತೆ.”

“ಅಮಾವಾಸ್ಯೆ ಬೆಳಗ್ಗೆ ನಮ್ಮ ಹಡಗು” ಎಂದೆ ನಾನು.

“ಹಡಗು ಆಮೇಲೂ ಬರುತ್ತೆ ಐಯಾ.”

“ಯಾವಾಗ?”

ಸೆಲ್ವಿ ಕಿಟಕಿಯಾಚೆ ಆಕಾಶ ನೋಡಿದಳು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ನಗಲಿಲ್ಲ. ಹಡಗು ತಪ್ಪಿದರೆ ವಿಮಾನ ತಪ್ಪುತ್ತದೆ, ವಿಮಾನ ತಪ್ಪಿದರೆ ಆಸ್ಪತ್ರೆಯ ದಿನ ತಪ್ಪುತ್ತದೆ. ಒಂದು ಎಳೆ ಕಡಿದರೆ ಹಾಸೇ ಹಾಳು.

ಅಮಾವಾಸ್ಯೆಯ ಬೆಳಗ್ಗೆ ಪೆಟ್ಟಿಗೆ ಕಟ್ಟಿ, ಶೂ ಹಾಕಿಕೊಂಡು ವೆರಾಂಡಾದಲ್ಲಿ ಕೂತೆ. ಅಕ್ಕ ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಹಿಂದೆ ಜಗಲಿಯ ಮೇಲೆ ಆಡಿಸುತ್ತಿದ್ದಂತೆಯೇ. ಬಂದರಿನಿಂದ ಹಡಗು ಉದ್ದಕ್ಕೆ ಕೂಗಿತು. ನಾನು ಏಳಲಿಲ್ಲ.

ಅಕ್ಕ ನನ್ನ ಶೂಗಳನ್ನೇ ನೋಡಿದಳು. “ಸಂಗು ಊದ್ತಲ್ಡಾ. ನಿನ್ನ ಕಾಲು ಓಡಲಿಲ್ವಾ?”

“ಅಮಾವಾಸ್ಯೆ ಅಲ್ವಾ ಅಕ್ಕಾ, ಅದಕ್ಕೂ ರಜೆ” ಎಂದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಡಲು ನಿಜಕ್ಕೂ ಎದ್ದು ಹೋಗಿತ್ತು. ಬಂಡೆಗಳ ಆಚೆಗೂ ಮರಳು, ಅಲ್ಲಲ್ಲಿ ಕನ್ನಡಿಯಂಥ ನೀರಿನ ಮಡು. ಹೆಂಗಸರು ಬುಟ್ಟಿ ಹಿಡಿದು ಚಿಪ್ಪು ಆರಿಸುತ್ತಾ ಹರಟುತ್ತಿದ್ದರು. ಸೆಲ್ವಿ ಒಂದು ಕೈ, ನಾನೊಂದು ಕೈ ಹಿಡಿದು ಇಳಿಜಾರಿನಲ್ಲಿ ಅಕ್ಕನನ್ನು ಕರೆದೊಯ್ದೆವು. ಮರಳು ಸಿಕ್ಕಮೇಲೆ ಅವಳು ಇಬ್ಬರ ಕೈಯನ್ನೂ ಬಿಡಿಸಿಕೊಂಡಳು. ನಿಧಾನಕ್ಕೆ ನಡೆದು, ಸಣ್ಣ ಅಲೆಗಳು ಸುಸ್ತಾಗಿ ಬಂದು ಮಲಗುವ ಕಡೆ ನಿಂತಳು. ನೀರು ಕಣಕಾಲು ಮುಟ್ಟಿತು. ಎಡ ಬಲ, ಎಡ ಬಲ ಎಂದು ನೀರನ್ನು ತುಳಿದಳು.

“ನೋಡ್ಡಾ,” ಎಂದು ಕೂಗಿದಳು, “ಇಲ್ಲಿ ಎಷ್ಟು ತುಳಿದ್ರೂ ಒಂದು ಸೀರೆನೂ ನೇಯಬೇಕಾಗಿಲ್ಲ!”

ಚಿಪ್ಪು ಆರಿಸುವ ಹೆಂಗಸರೆಲ್ಲ ತಲೆಯೆತ್ತಿದರು. ಭಾಷೆ ಅರ್ಥವಾಗದಿದ್ದರೂ ನಕ್ಕರು.

“ನೀನ್ಯಾಕೆ ಪೊಲೀಸಿನವನ ಥರ ನಿಂತಿದ್ದೀಯ? ಶೂ ಬಿಚ್ಚು.”

ಬಿಚ್ಚಿದೆ. ನನ್ನ ಪಾದ ಅಷ್ಟು ಬೆಳ್ಳಗಿದೆಯೆಂದು ನನಗೇ ಗೊತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಆಸ್ಪತ್ರೆಯಲ್ಲಿ ಇನ್ನೊಂದು ದಿನ ಕೇಳಿದೆವು. ಕೊಟ್ಟರು, ಯಾವ ಪ್ರಳಯವೂ ಆಗಲಿಲ್ಲ. ಈಗ ಅಕ್ಕ ಕೋಲು ಹಿಡಿದು ಬೀದಿಯ ಕೊನೆಯ ಕಿರಾಣಿ ಅಂಗಡಿಯವರೆಗೆ ಹೋಗಿ, ಅಲ್ಲಿ ಯಾರೊಡನಾದರೂ ಜಗಳವಾಡಿ ಬರುತ್ತಾಳೆ.

ಇವತ್ತು ಕ್ಯಾಲೆಂಡರಿನ ಮುಂದೆ ನಾನು ನಿಂತೇ ಇದ್ದದ್ದನ್ನು ಕಂಡು, ಅಡುಗೆಮನೆಯಿಂದಲೇ ಕೇಳಿದಳು: “ಅಮಾವಾಸ್ಯೆ ತಾನೇ? ಅಲ್ಲಿ ಕಡಲು ದೂರ ಹೋಗತ್ತೆ ಇವತ್ತು.”

“ಮಧ್ಯಾಹ್ನದ ಮೇಲೆ” ಎಂದೆ.

“ಹೊಸ ಮಂಡಿಗೂ ಕಡಲು ತೋರಿಸಬೇಕಲ್ಡಾ. ಪಾಪ, ಅವು ಇನ್ನೂ ನೋಡಿಲ್ಲ.”

ಕಾಫಿ ಆರುತ್ತಿತ್ತು. ನಾನು ಹಾಳೆಗಳನ್ನು ಮೇಲೆತ್ತಿ ಮುಂದಿನ ಕಪ್ಪು ಗುರುತುಗಳನ್ನು ಹುಡುಕಿದೆ. ಮಳೆ ಮುಗಿದ ಮೇಲಿನ ಒಂದನ್ನು ಆರಿಸಿ, ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಟಿಕೆಟ್ ತೆಗೆಯಲು ಕೂತೆ. ಹೋಗುವ ದಿನವನ್ನು ಒತ್ತಿದೆ. ಬರುವ ದಿನದ ಜಾಗ ಬಂದಾಗ ಬೆರಳು ನಿಂತಿತು. ಕಿಟಕಿಯಾಚೆ ಆಕಾಶ ನೋಡಿದೆ. ಆ ಜಾಗವನ್ನು ಖಾಲಿ ಬಿಟ್ಟೆ.