ಹಿಮ್ಮಡಿಯ ಹುರಿ

ತೊಂಬತ್ತರ ದಶಕದ ನಡುವಿನಲ್ಲಿ, ಪಿಯುಸಿ ಓದುವಾಗ, ನಾನು ನೂರು ಮೀಟರ್ ಓಡುತ್ತಿದ್ದೆ. ಬೂಕನಕೆರೆಯಿಂದ ಕೃಷ್ಣರಾಜಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವವಳು. ಬಸ್ಸು ಹೊರಟುಬಿಟ್ಟರೂ ಅಟ್ಟಿಸಿಕೊಂಡು ಹೋಗಿ ಹತ್ತುತ್ತಿದ್ದೆ. ಆ ವರ್ಷ ಬೆಳಿಗ್ಗೆ ಎದ್ದರೆ ಬಲಗಾಲಿನ ಹಿಮ್ಮಡಿಯ ಮೇಲೆ ಬಿಗಿತ. ಹಾಲು ಕರೆದು ಮುಗಿಸುವಷ್ಟರಲ್ಲಿ ಅದು ಸಡಿಲವಾಗುತ್ತಿತ್ತು. ಅವ್ವನಿಗೆ ಹೇಳಿದರೆ ಓಟ ಬಿಡಿಸುತ್ತಾಳೆಂದು ಸುಮ್ಮನಿದ್ದೆ.

ಪಾಂಡವಪುರದಲ್ಲಿ ಜಿಲ್ಲಾ ಕ್ರೀಡಾಕೂಟ. ಫೈನಲ್‌ನಲ್ಲಿ ನನ್ನ ಪಕ್ಕ ನಾಗಮಂಗಲ ತಾಲ್ಲೂಕಿನ ದೇವಲಾಪುರದ ಹುಡುಗಿ ನಿಂತಿದ್ದಳು. ಅರ್ಧ ಓಟದ ತನಕ ನಾನೇ ಮುಂದೆ. ಆಗ ಯಾರೋ ಹಿಂದಿನಿಂದ ಹಿಮ್ಮಡಿಗೆ ಜೋರಾಗಿ ಒದ್ದಂತಾಯಿತು. ಟಪ್ಪೆಂಬ ಸದ್ದೂ ಕೇಳಿಸಿತು. ಮುಗ್ಗರಿಸಿ ಬಿದ್ದವಳು ಅವಳತ್ತ ತಿರುಗಿ ಕಿರುಚಿದೆ, "ಯಾಕ್ ಒದ್ದೆ ನಂಗೆ?"

ಗೆಲ್ಲಬಹುದಾಗಿದ್ದವಳು ಓಟ ಬಿಟ್ಟು ವಾಪಸು ಬಂದಳು.

"ನಾ ಒದೀಲಿಲ್ಲ ಕಣಕ್ಕಾ! ನಮ್ಮವ್ವನಾಣೆ, ನಿನ್ ಕಾಲ್ ತಾವ್ಕೇ ಬಂದಿಲ್ಲ. ಏಳು, ನನ್ ಎಗಲ್ ಇಡ್ಕೋ."

ಆಸ್ಪತ್ರೆಗೂ ಅವಳೇ ಜೊತೆಗೆ ಬಂದಳು. ಡಾಕ್ಟರು ನನ್ನನ್ನು ಬೋರಲು ಮಲಗಿಸಿ ಎಡಗಾಲಿನ ಮೀನಖಂಡವನ್ನು ಹಿಂಡಿದರು. ಪಾದ ತಾನಾಗಿ ಚಾಚಿಕೊಂಡಿತು. ಆಮೇಲೆ ಬಲಗಾಲು ಹಿಂಡಿದರು. "ಅಯ್ಯೋ, ಅಲ್ಲಾಡ್ತಾನೇ ಇಲ್ವಲ್ಲಾ!" ಎಂದು ಹುಡುಗಿ ಕೂಗಿದಾಗಲೇ ನನಗೆ ಹೆದರಿಕೆಯಾದದ್ದು.

"ಯಾರೂ ಒದ್ದಿಲ್ಲಮ್ಮ," ಎಂದರು ಡಾಕ್ಟರು. "ಮೀನಖಂಡಾನ ಹಿಮ್ಮಡಿಗೆ ಕಟ್ಟಿರೋ ಹುರಿ ಹರಿದುಹೋಗಿದೆ. ಹರಿದಾಗ ಒದ್ದ ಹಾಗೇ ಅನ್ಸುತ್ತೆ."

ಮೈಸೂರಿನಲ್ಲಿ ಆಪರೇಷನ್ ಆಯಿತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದಾಗ ಯೋಚಿಸಲು ಬೇಕಾದಷ್ಟು ಹೊತ್ತಿತ್ತು. ನನ್ನ ವೇಗವೆಲ್ಲ ತೊಡೆಯ ಬಲ, ಎದೆಯ ಛಲ ಅಂದುಕೊಂಡಿದ್ದೆ. ಪ್ರತಿ ಹೆಜ್ಜೆಗೂ ಹಿಗ್ಗಿ, ಮತ್ತೆ ಕುಗ್ಗಿ, ನನ್ನನ್ನು ಮುಂದಕ್ಕೆ ಚಿಮ್ಮಿಸುತ್ತಿದ್ದ ಆ ಹುರಿಯನ್ನು ಒಮ್ಮೆಯೂ ನೆನೆದಿರಲಿಲ್ಲ. ಬೆಳಗಿನ ಬಿಗಿತದಲ್ಲಿ ಅದು ಮಾತಾಡಿದಾಗಲೂ ಕಿವಿಗೊಟ್ಟಿರಲಿಲ್ಲ.

ದೇವಲಾಪುರದವಳು ಒಂದು ಭಾನುವಾರ ಅವರೆಕಾಯಿ ಚೀಲ ಹೊತ್ತು ನಮ್ಮ ಮನೆಗೆ ಬಂದಳು. ನನ್ನ ಊರುಗೋಲು ಕಸಿದುಕೊಂಡು ಅಂಗಳದಲ್ಲೆಲ್ಲ ಕುಂಟಿ ತೋರಿಸಿ ಅವ್ವನನ್ನು ನಗಿಸಿದಳು.

ಮರುವರ್ಷದ ಜಿಲ್ಲಾ ಕೂಟದಲ್ಲಿ ನಾನು ಮತ್ತೆ ಓಡಿದೆ. ಅವಳು ಗೆದ್ದಳು, ನಾನು ಕೊನೆಯವಳಾದೆ. ಗೆರೆಯಾಚೆ ಏದುಸಿರು ಬಿಡುತ್ತಾ ನನಗಾಗಿ ಕಾದಿದ್ದಳು.

"ನೋವಾಯ್ತಾ?" ಎಂದಳು.

ನೋವಿರಲಿಲ್ಲ. ಮುಂಚೆ ಪ್ರತಿ ಹೆಜ್ಜೆಗೂ ನೆಲ ನನ್ನನ್ನು ಎತ್ತಿ ಮುಂದಕ್ಕೆ ಎಸೆಯುತ್ತಿತ್ತು, ಈಗ ಸುಮ್ಮನೆ ಬಿದ್ದಿತ್ತು, ಅಷ್ಟೇ. ಅವಳ ಹೆಗಲು ಹಿಡಿದು, ಕುಡಿಯಲು ನೀರು ಕೇಳಿದೆ.