ನೊಯೆಮಿಯ ಕೆಂಪು ರುಮಾಲು

ನಾರ್ಮಂಡಿಯ ಆ ಹೊಳೆಸಾಲಿನಲ್ಲಿ ಅಗಸಗಿತ್ತಿ ಝೆಲಿಯ ಕೈಗೆ ಸಿಕ್ಕ ಕಲೆ ಉಳಿದದ್ದೇ ಇಲ್ಲ. ಸೇಬಿನ ಹೆಂಡ, ರಕ್ತ, ಗಾಡಿಯ ಕೀಲೆಣ್ಣೆ, ಏನೇ ಇರಲಿ, ಮೊಣಕಾಲೂರಿ ಕರಿಸೋಪು ಹಾಕಿ ಬಡಿದಳೆಂದರೆ ಮುಗಿಯಿತು. ಬಡವಿಗಿದ್ದ ಜಂಬ ಅದೊಂದೇ. ಗಂಡ ಸತ್ತಮೇಲೆ ಉಳಿದವಳು ಮಗಳು ನೊಯೆಮಿ.

ಬೇಸಿಗೆಯಲ್ಲಿ ಪ್ಯಾರಿಸ್ಸಿನ ಚಿತ್ರಕಾರರು ಬಂದು ಊರಿನ ಖಾನಾವಳಿಯ ಮಾಳಿಗೆಯಲ್ಲಿ ಇಳಿಯುತ್ತಿದ್ದರು. ಆ ವರ್ಷ ವಾತ್ರೆಲ್ ಎಂಬಾತ ಹುಲ್ಲುಗಾವಲಿನಲ್ಲಿ ಚಿತ್ರ ಬರೆಯುತ್ತಾ, ನೊಯೆಮಿ ತಲೆಗೆ ಕಟ್ಟಿದ್ದ ಕೆಂಪು ರುಮಾಲು ಕಂಡು, "ಅಲ್ಲೇ ನಿಲ್ಲೇ ಮಗು, ಅಲ್ಲಾಡಬೇಡ" ಅಂದ. ಸಂಜೆ ಝೆಲಿ ಹೋಗಿ ನೋಡಿದರೆ, ಹಸಿರಿನ ನಡುವೆ ದಪ್ಪಗೆ ಮೆತ್ತಿದ ಒಂದು ಕೆಂಪು ಗೀಟು, ಕೆಳಗಿಷ್ಟು ಬಿಳಿ.

"ಅಯ್ಯೋ, ಮೂಗೆಲ್ಲಿ ಸ್ವಾಮಿ ನಮ್ಮ ಹುಡುಗೀದು?"

"ಅಷ್ಟು ದೂರಕ್ಕೆ ಮೂಗು ಕಾಣುತ್ತೇನಮ್ಮಾ? ಹಿಂದಕ್ಕೆ ಸರಿದು ನೋಡು."

ಸರಿದಳು. ಹೌದಲ್ಲ! ಸೊಂಟ ವಾರೆ ಮಾಡಿ ನಿಲ್ಲುವ ನೊಯೆಮಿಯೇ, ಥೇಟ್.

ಹುಲ್ಲು ಕೊಯ್ಲು ಮುಗಿಯುವ ಮೊದಲೇ ಗಂಟಲುಮಾರಿ ಬಂದು ಹುಡುಗಿ ಹೋಗಿಬಿಟ್ಟಳು. ಒಂದು ಫೋಟೋ ಕೂಡ ಇಲ್ಲ. ಮಣ್ಣು ಮಾಡಿದ ವಾರವೇ ಝೆಲಿ ಒಗೆಯುವ ಬಟ್ಟೆ ಹೊತ್ತು ಹೊಳೆಗಿಳಿದಳು, ಹೊಟ್ಟೆ ಕೇಳಬೇಕಲ್ಲ. ವಾತ್ರೆಲ್‌ನ ಅಂಗಿಯ ತೋಳಿಗೆ ಅಂಗೈಯಗಲ ಕೆಂಪು ಮೆತ್ತಿತ್ತು. ಗಸಗಸೆ ಹೂವು ಬರೆದಿರಬೇಕು ಅಂದುಕೊಂಡಳು. "ಹಾಳಾದವನು, ಬಟ್ಟೆಗೇ ಒರೆಸಿಕೊಳ್ತಾನೆ!" ಎಂದು ಬೈಯುತ್ತಾ, ಟರ್ಪೆಂಟೈನ್ ಸುರಿದು, ಉಗುರಿನಿಂದ ಕೆರೆದು, ಬೆರಳು ಸುಲಿಯುವಷ್ಟು ಉಜ್ಜಿದಳು. ಕೆಂಪು ನೊರೆ ಹೊಳೆಯಲ್ಲಿ ಹರಿದುಹೋಯಿತು.

ಇಸ್ತ್ರಿಯಾದ ಅಂಗಿ ಹಿಡಿದು ಮಾಳಿಗೆ ಹತ್ತಿದಳು. "ಸ್ವಾಮಿ, ಒಂದ್ಸಲ ನನ್ನ ಮಗೂನ ತೋರಿಸಿ. ಬೇರೇನೂ ಬೇಡ."

ಹುಡುಗಿ ಸತ್ತದ್ದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಚಿತ್ರ ತಿರುಗಿಸಿದ. ಬರೀ ಹಸಿರು.

"ಆ ಕೆಂಪು ಗೀಟು ಹುಲ್ಲನ್ನ ನೋಡೋಕೇ ಬಿಡ್ತಿರಲಿಲ್ಲ ಕಣಮ್ಮಾ. ಬಣ್ಣ ಇನ್ನೂ ಹಸಿ ಇತ್ತಲ್ಲ, ಚಾಕುವಿಂದ ಕೆರೆದು ತೆಗೆದುಬಿಟ್ಟೆ."

ಝೆಲಿ ಹಿಂದಕ್ಕೆ ಸರಿದು ನೋಡಿದಳು. ಅವನೋ ಅಂಗಿ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಿದ್ದ.

"ಅಬ್ಬಾ! ಆ ಚಾಕು ಒರೆಸಿದ್ದು ಈ ತೋಳಿಗೇ. ಗುರುತೂ ಉಳಿಸಿಲ್ವಲ್ಲೇ! ನಿನ್ನಂಥ ಕೈ ಪ್ಯಾರಿಸ್ಸಲ್ಲೂ ಇಲ್ಲ ಬಿಡು."

ಝೆಲಿ ತನ್ನ ಉಗುರು ನೋಡಿಕೊಂಡಳು. ಒಗೆದ ಬಟ್ಟೆಗೆ ತಾಗೀತೆಂದು, ಉಗುರಿನ ಸಂದಿಯ ಕೆಂಪನ್ನೂ ಬೆಳಿಗ್ಗೆಯೇ ಕಡ್ಡಿ ಹಾಕಿ ತೆಗೆದಿದ್ದಳು.